ನಮ್ಮ ಮನೆಯ ಅಧ್ಯಕ್ಷರ ಮೂರನೇ ಅವಧಿ

ನನ್ನ ಗಂಡನಿಗೆ ಅಮೆರಿಕದ ಅಧ್ಯಕ್ಷರೆಲ್ಲ ಕ್ರಮವಾಗಿ ಬಾಯಿಪಾಠ. ಅಮೆರಿಕಕ್ಕೆ ಅವರು ಇವತ್ತಿನವರೆಗೂ ಹೋಗಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಕ್ವಿಜ್‌ಗೆಂದು ಉರು ಹೊಡೆದದ್ದು, ಆಮೇಲೆ ಬಿಡಲಾಗದ ಚಟವಾಯಿತು. ಬೇರೆ ಗಂಡಸರು ಕ್ರಿಕೆಟ್ ನೋಡುತ್ತಾರೆ; ಇವರು ಯಾರು ಎಷ್ಟು ಕಾಲ ಕುರ್ಚಿಯಲ್ಲಿದ್ದರು, ಯಾರು ಹೇಗೆ ಇಳಿದರು ಎಂದು ದಪ್ಪ ದಪ್ಪ ಪುಸ್ತಕ ಓದುತ್ತಾರೆ. ನನಗೆ ಆ ಹೆಸರುಗಳು ತಲೆಗೆ ಹತ್ತುವುದಿಲ್ಲ. ಹಾಗಾಗಿ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಫ್ಲಾಟಿನಲ್ಲಿ ಆ ಮಹನೀಯರೆಲ್ಲ ನಂಬರಿನಿಂದಲೇ ಓಡಾಡುತ್ತಾರೆ.

ಚಳಿಗಾಲದಲ್ಲಿ ನಾನು ಟೋಪಿಯಿಲ್ಲದೆ ಕಸ ಹಾಕಲು ಹೊರಟರೆ ಇವರು ಬಾಗಿಲಿಗೆ ಅಡ್ಡ ನಿಂತು ಒಂಬತ್ತನೆಯವರ ಕಥೆ ತೆಗೆಯುತ್ತಾರೆ. ಆ ಮನುಷ್ಯ ಪ್ರಮಾಣವಚನದ ದಿನ ಚಳಿಯಲ್ಲಿ ಕೋಟು ಟೋಪಿ ಏನೂ ಇಲ್ಲದೆ ನಿಂತು ಉದ್ದಾನುದ್ದ ಭಾಷಣ ಬಿಗಿದು, ಒಂದೇ ತಿಂಗಳಲ್ಲಿ ತೀರಿಕೊಂಡರಂತೆ. ಭಾಷಣ ಕೇಳಿದವರ ಶಾಪ ತಟ್ಟಿರಬೇಕು ಎನ್ನುತ್ತೇನೆ ನಾನು. ಆ ಪರಿವಾರದಲ್ಲಿ ನಾನು ಮೆಚ್ಚಿದ್ದು ಇಪ್ಪತ್ತೆಂಟನೆಯವರ ಹೆಂಡತಿಯನ್ನು ಮಾತ್ರ. ಗಂಡ ಹಾಸಿಗೆ ಹಿಡಿದಾಗ ಯಾವ ಕಾಗದ ಅವರ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂದು ಆಕೆಯೇ ತೀರ್ಮಾನಿಸುತ್ತಿದ್ದರಂತೆ. ಗಂಡ ಹಾಸಿಗೆ ಹಿಡಿಯದಿದ್ದರೂ ಅದೇ ಕೆಲಸ ಮಾಡುವ ಹೆಂಗಸರು ನನಗೆ ಬಹಳ ಜನ ಗೊತ್ತು, ನಾನೂ ಒಬ್ಬಳು.

ಇಂಥ ನನ್ನ ಗಂಡನನ್ನು ಇಲ್ಲಿನ ಕನ್ನಡ ಕೂಟದವರು ನಾಲ್ಕು ವರ್ಷದ ಹಿಂದೆ ಅಧ್ಯಕ್ಷರನ್ನಾಗಿ ಮಾಡಿದರು. ಎರಡು ವರ್ಷಕ್ಕೆ ಒಂದು ಅವಧಿ. ಕೂಟಕ್ಕೆ ಸ್ವಂತ ಜಾಗವಿಲ್ಲ. ಯಾರು ಅಧ್ಯಕ್ಷರೋ ಅವರ ಮನೆಯೇ ಉಗ್ರಾಣ. ಬಿಸಿಬೇಳೆಬಾತಿನ ಕೊಳಗ ನಮ್ಮ ಬಟ್ಟೆಯ ಬೀರುವಿನೊಳಗೆ ಸೇರಿತು. ದೀಪದ ಕಂಬ ಹಾಲ್‌ನಲ್ಲಿ ನಿಂತು, ಕತ್ತಲಲ್ಲಿ ಎದ್ದವರ ಮೊಣಕಾಲಿಗಾಗಿ ಕಾಯುತ್ತಿತ್ತು. ಶನಿವಾರ ರಾಜ್ಯೋತ್ಸವದ ನಾಟಕದ ಪ್ರಾಕ್ಟೀಸು, ಭಾನುವಾರ ಕಮಿಟಿ ಮೀಟಿಂಗು. ಉಳಿದ ಹೊತ್ತಿನಲ್ಲಿ ಫೋನು: ಹೊಸದಾಗಿ ಬಂದಿಳಿದವರಿಗೆ ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಇನ್ನೂ ಸಿಕ್ಕಿಲ್ಲ, ಮಗುವಿಗೆ ದಾಗಿಸ್ ಎನ್ನುವ ಶಿಶುವಿಹಾರದಲ್ಲಿ ಸೀಟಿಲ್ಲ, ಕರಿಬೇವು ಎಲ್ಲಿ ಸಿಗುತ್ತೆ. ಎಲ್ಲದಕ್ಕೂ ಇವರು ಶ್ವೇತಭವನದಿಂದ ಮಾತಾಡುವಂತೆ ಗಂಭೀರವಾಗಿ ಉತ್ತರಿಸುತ್ತಿದ್ದರು. ದೋಣಿ ಹತ್ತಿ ದ್ವೀಪಗಳಿಗೆ ಹೋಗಿಬರೋಣ ಎಂದು ನಾನು ಪ್ರತಿ ಬೇಸಿಗೆಯೂ ಹೇಳುತ್ತಿದ್ದೆ. ಪ್ರತಿ ಬೇಸಿಗೆಯೂ ಕೂಟದ ಪಿಕ್ನಿಕ್ಕಿಗೆ ಮಂಡಕ್ಕಿ ಕಲಸುತ್ತಿದ್ದೆ. ನನಗೆ ಬೇಕಿದ್ದದ್ದು ಒಂದು ಭಾನುವಾರ, ಮತ್ತು ಆ ಭಾನುವಾರದಲ್ಲಿ ನನ್ನ ಗಂಡ.

ಮೊದಲು ಒಪ್ಪಿಕೊಂಡಾಗ ಅವರು ಮಾತು ಕೊಟ್ಟಿದ್ದರು. "ಎರಡೇ ಅವಧಿ ಕಣೇ. ಮೊದಲನೆಯವರನ್ನ ನೋಡು, ಎರಡು ಮುಗಿಸಿ, ಮೂರನೇದು ಬೇಡಾಂತ ತಮ್ಮ ಜಮೀನಿಗೆ ವಾಪಸ್ ಹೋದ್ರು."

ನಾನು ನಂಬಿದೆ. ಎರಡನೇ ಅವಧಿ ಮುಗಿಯುತ್ತ ಬಂದಂತೆ ಮೊದಲನೆಯವರ ಸುದ್ದಿ ನಿಂತುಹೋಗಿ, ಒಂದು ಬೆಳಿಗ್ಗೆ ಉಪ್ಪಿಟ್ಟಿನ ಜೊತೆಗೆ ಮೂವತ್ತೆರಡನೆಯವರು ಬಂದರು.

"ನಾಲ್ಕು ಸಲ ಗೆದ್ರು ಗೊತ್ತಾ? ನಾಲ್ಕು ಸಲ!"

"ಆಮೇಲೆ ಏನಾಯ್ತು?"

"ನಾಲ್ಕನೇದು ಶುರುವಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡ್ರು."

"ಅದಾದ್ಮೇಲೆ?"

ಅವರು ಉಪ್ಪಿಟ್ಟು ಕೆದಕಿದರು. "ಎರಡಕ್ಕಿಂತ ಜಾಸ್ತಿ ಸಲ ಗೆಲ್ಲೋ ಹಾಗಿಲ್ಲಾಂತ ಕಾನೂನು ತಂದ್ರು."

"ಯಾರದೋ ಹೆಂಡತಿ ಹೇಳಿ ಮಾಡ್ಸಿರಬೇಕು" ಎಂದೆ.

ಮರುದಿನ ಇಪ್ಪತ್ತೆರಡನೆಯವರನ್ನು ಕರೆತಂದರು. ಅವರು ಸೋತು ಮನೆಗೆ ಹೋಗಿ, ಮತ್ತೆ ಗೆದ್ದು ಇಪ್ಪತ್ತನಾಲ್ಕನೆಯವರಾಗಿ ಬಂದವರಂತೆ. ಈಗಿನವರೂ ಹಾಗೇ ಅಂತೆ. "ನೀವು ಮೊದಲು ಹೋಗಿ, ಬರೋದನ್ನ ಆಮೇಲೆ ನೋಡೋಣ" ಎಂದು ಬೀರುವಿನ ಬಾಗಿಲು ತೆರೆದು ಕೊಳಗ ತೋರಿಸಿದೆ.

ನಮ್ಮ ಕೂಟದ ಚುನಾವಣೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಯಾರೂ ಚುನಾವಣೆಗೆ ನಿಲ್ಲುವುದಿಲ್ಲ. ನಿಂತರೆ ಆಸೆಬುರುಕ ಎಂದುಕೊಳ್ಳುತ್ತಾರೆ. ಇದ್ದವರು ಎದ್ದು "ನನಗೆ ಸಾಕು, ಬೇರೆಯವರು ಆಗಲಿ" ಎನ್ನಬೇಕು. ಸಭೆಯಲ್ಲಿ ಒಬ್ಬರು "ಎಲ್ಲಾದ್ರೂ ಉಂಟಾ, ನೀವೇ ಇರ್ಬೇಕು" ಎನ್ನಬೇಕು. ಅವರು ಮತ್ತೆ ಬೇಡ ಎನ್ನಬೇಕು, ಇವರು ಮತ್ತೆ ಬಲವಂತ ಮಾಡಬೇಕು. ಊಟದ ಪಂಕ್ತಿಯಲ್ಲಿ ಎರಡನೇ ಹೋಳಿಗೆಗೆ ಕೈ ಅಡ್ಡ ಹಿಡಿದ ಹಾಗೆ; ಬಡಿಸುವವರು ಬೆರಳ ಸಂದಿಯಿಂದಲೇ ಹಾಕುತ್ತಾರೆ, ತಿನ್ನುವವರು ಬೈದುಕೊಂಡೇ ತಿನ್ನುತ್ತಾರೆ. ವಾರ್ಷಿಕ ಸಭೆಯ ಹಿಂದಿನ ದಿನ ನನ್ನ ಗಂಡ ಕನ್ನಡಿಯ ಮುಂದೆ ನಿಂತು ಬೇಡ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದರು. ಅದನ್ನು ಕೇಳಿಯೇ ನನ್ನ ಭಾನುವಾರಗಳು ಕೈಬಿಟ್ಟುಹೋದವು ಎಂದು ತಿಳಿಯಿತು. ನನಗೆ ಮೈ ಉರಿಯಿತು, ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಗಮನಿಸದೆ ಉಂಡರು.

ಸಭೆ ಪಕ್ಕದ ಸೋಲ್ನಾದ ಒಂದು ಬಾಡಿಗೆ ಹಾಲ್‌ನಲ್ಲಿತ್ತು. ಪ್ರತಿಸಲ ಸಭೆ ನಡೆಸುತ್ತಿದ್ದ ಹಿರಿಯರು ಊರಿಗೆ ಹೋಗಿದ್ದರಿಂದ, ಇಲ್ಲೇ ಬೆಳೆದು ಇಲ್ಲೇ ಕಾನೂನು ಓದುತ್ತಿರುವ, ಸದಸ್ಯರೊಬ್ಬರ ಮಗಳನ್ನು ಆ ಕೆಲಸಕ್ಕೆ ಕೂರಿಸಿದ್ದರು. ಮಾತಾಡುವವರು ಕೈಯೆತ್ತಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎಂದು ಹುಡುಗಿ ಮೊದಲೇ ಹೇಳಿಬಿಟ್ಟಳು. ನಮ್ಮ ಜನ ಅಷ್ಟು ಶಿಸ್ತಾಗಿ ಕೂತದ್ದನ್ನು ನಾನು ಅಂದೇ ನೋಡಿದ್ದು.

ಅಧ್ಯಕ್ಷರ ಆಯ್ಕೆಯ ಸರದಿ ಬಂತು. ನನ್ನ ಗಂಡ ರೇಷ್ಮೆ ಜುಬ್ಬಾ ಸರಿಮಾಡಿಕೊಂಡು ಎದ್ದರು. "ನನಗೆ ಎರಡು ಅವಧಿ ಸಾಕಾಗಿದೆ. ಇನ್ನು ಬೇರೆಯವರು ಮುಂದೆ ಬರಲಿ, ನನಗೆ ಬೇಡ." ಸ್ವರ ಕನ್ನಡಿಯ ಮುಂದೆ ಇದ್ದಷ್ಟೇ ಮೆತ್ತಗಿತ್ತು.

"ಓಕೆ ಅಂಕಲ್, ಟಾಕ್!" ಎಂದು ಇಲ್ಲಿನ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿ ಹುಡುಗಿ ಲ್ಯಾಪ್‌ಟಾಪಿನಲ್ಲಿ ಟಪಟಪ ಹೊಡೆದುಕೊಂಡಳು. "ಸೋ, ಬೇರೆ ಯಾರು ಇಂಟರೆಸ್ಟೆಡ್ ಇದೀರಾ?"

ಅವಳದೇನೂ ತಪ್ಪಿಲ್ಲ. ಈ ದೇಶದಲ್ಲಿ ಫೀಕಾಗೆ, ಅಂದರೆ ಕಾಫಿ ಹೊತ್ತಿನ ಹರಟೆಗೆ, ಕೂತಾಗ ಕಾಫಿ ಬೇಡ ಎಂದರೆ ಫ್ಲಾಸ್ಕು ನಿಮ್ಮನ್ನು ದಾಟಿ ಹೋಗುತ್ತದೆ; ಇನ್ನೊಮ್ಮೆ ಕೇಳುವುದೇ ಒರಟುತನ. ಬಲವಂತ ಮಾಡಬೇಕಿದ್ದ ಖಜಾಂಚಿಯವರು ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕಾಫಿ ಮೆಷಿನ್ನಿನ ಜೊತೆ ಗುದ್ದಾಡುತ್ತಿದ್ದರು. ಉಳಿದವರಿಗೆ ಕೈಯೆತ್ತಲು ಸಂಕೋಚ. ಎತ್ತಿದರೆ ಎಲ್ಲಿ ತನ್ನ ಹೆಸರನ್ನೇ ಬರೆದುಕೊಂಡುಬಿಡುತ್ತಾಳೋ ಎಂಬ ಭಯ. ಎಲ್ಲರೂ ಫೋನು ನೋಡಿಕೊಳ್ಳತೊಡಗಿದರು. ನನ್ನ ಗಂಡ ಮಾತ್ರ ಇನ್ನೂ ನಿಂತೇ ಇದ್ದರು. ಎರಡನೇ ಬೇಡ ಅವರ ಬಾಯಲ್ಲೇ ಉಳಿದಿತ್ತು, ಅದನ್ನು ಕೇಳುವವರಿರಲಿಲ್ಲ.

ನಾನು ಕುಣಿದಾಡಬೇಕಿತ್ತು. ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಕೂತಿದ್ದರೆ ಕೊಳಗ ಮನೆ ಬಿಟ್ಟು ಹೋಗುತ್ತಿತ್ತು. ಆದರೆ ಅವರ ಮುಖ ನೋಡಿದೆ. ನಾಲ್ಕು ವರ್ಷ ಯಾರು ಯಾರ ಮಗುವಿನ ಸೀಟಿಗೋ ಕಮ್ಯೂನಿನ, ಅಂದರೆ ಪುರಸಭೆಯ, ಕಚೇರಿಗೆ ಅಲೆದ ಮನುಷ್ಯ, ಕೂರಬೇಕೋ ನಿಲ್ಲಬೇಕೋ ತಿಳಿಯದೆ ಜುಬ್ಬಾದ ಗುಂಡಿ ತಿರುವುತ್ತಿದ್ದರು. ನೋಡನೋಡುತ್ತಿದ್ದಂತೆ ನನ್ನ ಕೈ ಮೇಲೆದ್ದಿತ್ತು.

"ಹೇಳಿ ಆಂಟಿ."

"ಅವರನ್ನ ಇನ್ನೊಂದ್ಸಲ ಕೇಳಮ್ಮ."

"ಆದ್ರೆ ಅಂಕಲ್ ನೋ ಅಂದ್ರಲ್ಲ?"

"ಅಂದ್ರು. ಆದ್ರೂ ಕೇಳು. ನಮ್ಮಲ್ಲಿ ಒಂದೇ ಸಲಕ್ಕೆ ಬಿಟ್ಬಿಡೋದಿಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ, ಆದರೆ ನ್ಯಾಯವಂತೆ. ನೆಟ್ಟಗೆ ಕೂತು ಕೇಳಿದಳು: "ಅಂಕಲ್, ನೀವೇ ಕಂಟಿನ್ಯೂ ಮಾಡ್ತೀರಾ?" ಹಿಂದಿನಿಂದ ಯಾರೋ ಈಗ ಎಚ್ಚರವಾದಂತೆ "ಹೌದೌದು" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೆರಡು ವರ್ಷದ ಮಂಡಕ್ಕಿಯೆಲ್ಲ ಕಣ್ಣ ಮುಂದೆ ಬಂತು.

ಕಣ್ಣು ಬಿಟ್ಟಾಗ ಅವರು ಹುಡುಗಿಯನ್ನಲ್ಲ, ನನ್ನನ್ನು ನೋಡುತ್ತಿದ್ದರು. "ಬೇಡಮ್ಮ" ಎಂದರು. ಈ ಬೇಡವನ್ನು ಅವರು ಅಭ್ಯಾಸ ಮಾಡಿರಲಿಲ್ಲ. ಹೇಳಿದವರೇ ಕೂತುಬಿಟ್ಟರು. ಇನ್ನೊಂದು ಸಲ ಕೇಳಲೇ ಎಂಬಂತೆ ಹುಡುಗಿ ನನ್ನ ಕಡೆ ನೋಡಿದಳು. ಬೇಡ, ಸಾಕು ಎಂದು ನಾನು ತಲೆಯಾಡಿಸಿದೆ.

ಆಮೇಲೆ ಎಸ್ಕಿಲ್‌ಸ್ಟುನಾ ಎಂಬ ಊರಿನ ಎಂಜಿನಿಯರ್ ಒಬ್ಬರ ಹೆಸರು ಬಂತು. ಅವರಿಗೆ ದೊಡ್ಡ ಕಾರಿದೆ, ಕೊಳಗ ಹಿಡಿಸುತ್ತದೆ. ಅವರೂ ಪದ್ಧತಿಯಂತೆ "ಅಯ್ಯೋ, ನನಗೆ ಬೇಡ" ಎಂದರು. ಹುಡುಗಿಯ ಬೆರಳು ಲ್ಯಾಪ್‌ಟಾಪಿನ ಕಡೆಗೆ ಹೋದದ್ದೇ ತಡ, ಇಡೀ ಸಭೆ ಕೈಯೆತ್ತುವುದನ್ನು ಮರೆತು "ಬರೀಬೇಡಮ್ಮಾ!" ಎಂದು ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ನನ್ನ ಗಂಡ.

ಮನೆಗೆ ಹೋಗುವಾಗ ಟ್ರ್ಯಾಮಿನಲ್ಲಿ ನನಗೆ ತಡೆಯಲಾಗಲಿಲ್ಲ. "ಎಲ್ಲರ ಮುಂದೆ ಮಾನ ಬಿಟ್ಟು ಕೇಳಿಸಿದೆ. ಮತ್ತೆ ಯಾಕ್ರೀ ಬೇಡ ಅಂದ್ರಿ?"

ಈಗ ಯಾವುದಾದರೂ ನಂಬರು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು.

"ನಾನು ಇಳೀಲಿ ಅಂತ ಕಾಯ್ತಾ ಇದ್ದವಳು ಆ ಹಾಲ್‌ನಲ್ಲಿ ನೀನೊಬ್ಬಳೇ" ಎಂದರು. "ಇರಲಿ ಅಂತ ಕೈಯೆತ್ತಿದ್ದೂ ನೀನೊಬ್ಬಳೇ. ಇನ್ನು ನಾನು ಗೆಲ್ಲೋಕೆ ಏನು ಉಳಿದಿತ್ತು ಹೇಳು."

ನಮ್ಮ ಸ್ಟಾಪು ಬಂದು ಹೋಯಿತು, ಇಬ್ಬರೂ ಏಳಲಿಲ್ಲ.