ಹಮೀದನಿಗೆ ಎತ್ತಿದ ಬಾವುಟ

ಗಲ್ಫಿನ ಮುಹರ್ರಕ್ ಬಸ್‌ಸ್ಟ್ಯಾಂಡಿನ ಪಕ್ಕದ ಈ ಚಹಾದಂಗಡಿ ಉಳ್ಳಾಲದ ಹಮೀದನದು. ಅವನು ಮಂಗಳೂರಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಾಗ ನಾನು ಲೈನ್ಸ್‌ಮನ್. ಒಂದು ಫೈನಲಿನಲ್ಲಿ ಅವನ ಗೋಲಿಗೆ ಆಫ್‌ಸೈಡೆಂದು ಬಾವುಟ ಎತ್ತಿ ರದ್ದು ಮಾಡಿಸಿದ್ದೆ.

ಟಿವಿಯಲ್ಲಿ ಒಬ್ಬ ಡಚ್ ಸ್ಟ್ರೈಕರನ ಆಟಜೀವನದ ಗೋಲುಗಳನ್ನೆಲ್ಲ ಸಾಲಾಗಿ ತೋರಿಸುತ್ತಿದ್ದರು. ಪ್ರತಿಯೊಂದಕ್ಕೂ ನನಗೆ ಅನುಮಾನ. ಒಬ್ಬನೇ ಇಷ್ಟು ಹೊಡೆಯುವುದುಂಟೇ? “ಇದು ಆಫ್‌ಸೈಡ್” ಎಂದೆ. ನಿಧಾನವಾಗಿ ಮತ್ತೆ ತೋರಿಸಿದಾಗ ಅವನು ಡಿಫೆಂಡರನಿಗಿಂತ ಒಂದು ಹೆಜ್ಜೆ ಹಿಂದೆಯೇ ಇದ್ದ; ಗೋಲು ಸರಿಯಾದದ್ದೇ.

“ಬಾವುಟ ಇನ್ನೂ ಕೈಯಲ್ಲೇ ಉಂಟಲ್ಲ ಮಾರಾಯ್ರೆ” ಎಂದು ಹಮೀದ್ ನಕ್ಕ.

ಹೇಳಲೆಂದೇ ಬಂದಿದ್ದೆ, ಹೇಳಿದೆ. “ಅವತ್ತು ನಾನು ಸರಿಯಾಗಿ ನೋಡಿರಲಿಲ್ಲ ಹಮೀದ್. ಅಷ್ಟು ಗೋಲು ಹೊಡೆಯುವವನು ಕಳ್ಳನೇ ಅಂತ ಎತ್ತಿಬಿಟ್ಟೆ.”

ಅವನು ಟಿವಿ ಆರಿಸಿದ.

“ಗೊತ್ತುಂಟು. ನಾನು ಓಡುವಾಗ ನೀವು ಹತ್ತು ಗಜ ಹಿಂದೆ ಇದ್ರಿ, ಅಲ್ಲಿಂದ ಆಫ್‌ಸೈಡ್ ಕಾಣ್ಲಿಕ್ಕುಂಟಾ? ನಲ್ವತ್ತು ವರ್ಷ ಕಾದೆ, ನೀವೇ ಹೇಳ್ಲಿ ಅಂತ.”