ಬೀಗರಿಗೆಂದು ಹೊಲ ಗುಡಿಸಿದೆ

ನಾನು ಚಿಕ್ಕವಳಿದ್ದಾಗ, ಈಗ್ಗೆ ಐವತ್ತು ವರ್ಷದ ಹಿಂದೆ, ನಮ್ಮ ಹೊಲಕ್ಕೆ ವರ್ಷಕ್ಕೊಮ್ಮೆ ಬೀಗರು ಬರುತ್ತಿದ್ದರು. ನಗಬೇಡಿ ಮಕ್ಕಳೇ, ಕುರಿಗಳನ್ನು ಅಪ್ಪ ಹಾಗೇ ಕರೆಯುತ್ತಿದ್ದ. ಯರಗಟ್ಟಿಯ ಹತ್ತಿರ ನಮ್ಮದೊಂದು ಸಣ್ಣ ಹೊಲ, ಕರಿ ಮಣ್ಣಿನದು. ಜೋಳ ಕೊಯ್ದ ಮೇಲೆ ಕುರಿಗಾರ ಕಾಕಾ ಹಿಂಡು ತಂದು ನಾಲ್ಕು ದಿನ ಅಲ್ಲೇ ಬಿಡಾರ ಹೂಡುತ್ತಿದ್ದ. ಕುರಿಗಳು ಉದುರಿದ ಒಣ ಎಲೆ ತಿಂದು ಅಲ್ಲೇ ಮಲಗಿ ಹಿಕ್ಕೆ ಹಾಕುತ್ತಿದ್ದವು. ಹೊಲಕ್ಕೆ ವರ್ಷದ ಗೊಬ್ಬರ ಅದೊಂದೇ. ಅದು ತಪ್ಪಿದರೆ ಮುಂದಿನ ಬೆಳೆಯ ಆಸೆ ಬಿಡಬೇಕಿತ್ತು. ಇದೆಲ್ಲ ನನಗೆ ಆಗ ಎಲ್ಲಿ ಗೊತ್ತಿತ್ತು?

"ಇವತ್ತ ಬೀಗರು ಬರ್ತಾರ" ಎಂದು ಒಂದು ದಿನ ಅಪ್ಪ ಹೇಳಿ ಊರೊಳಗೆ ಹೋದ. ಬೀಗರು ಬರುವ ದಿನ ಅವ್ವ ಅಂಗಳ ಗುಡಿಸದೆ ಬಿಟ್ಟವಳಲ್ಲ. ನಾನೂ ಅಕ್ಕನೂ ಕಸಬರಿಗೆ ಹಿಡಿದು ಹೊಲಕ್ಕೆ ಇಳಿದೆವು! ಎಲೆಗಳು ಚರಚರ ಅನ್ನುತ್ತಿದ್ದವು, ಧೂಳಿಗೆ ಸೀನೋ ಸೀನು. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲ ಕನ್ನಡಿಯಂತಾಯಿತು. ರಾಶಿಗೆ ಅಕ್ಕ ಒಲೆಯ ಕೆಂಡ ತಂದು ಹಾಕಿದಳು. ಸೀತನಿಯ ಎಳೆ ಜೋಳದ ತೆನೆ ಸುಟ್ಟಂಥ ಘಮಘಮ ವಾಸನೆ ಎದ್ದಿತು. ನಮಗೋ ಹಿಗ್ಗು.

ಹೊಗೆ ಕಂಡು ಅಪ್ಪ ಧೋತರ ಎತ್ತಿ ಹಿಡಿದು ಓಡಿಬಂದ. ಹಿಂದೆಯೇ ಹಿಂಡೂ ಬಂತು. ಕುರಿಗಾರ ಕಾಕಾ ಬಗ್ಗಿ ನೆಲ ನೋಡಿದ.

"ಅಣ್ಣಾರ, ಇಲ್ಲಿ ನನ್ನ ಕುರಿ ಏನ್ ತಿನ್ನಬೇಕ್ರಿ? ಬೂದಿ?" ಎಂದವನೇ ಹಿಂಡನ್ನು ಪಕ್ಕದ ಹೊಲದ ಕಡೆ ತಿರುಗಿಸಿದ.

ಅಪ್ಪನ ಮುಖ ಸಪ್ಪಗಾಯಿತು. ಓಡಿ ಹೋಗಿ ಕಾಕಾನ ಕಂಬಳಿ ಹಿಡಿದು ಜಗ್ಗಿದೆ. "ಕಾಕಾ, ಬೀಗರು ಬರ್ತಾರಂತ ನಾನs ಗುಡಿಸೇನ್ರಿ! ಹೋಗಬ್ಯಾಡ್ರಿ!"

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಕುರಿಗೆ ಇಂಥಾ ಮರ್ಯಾದಿ ಯಾರೂ ಮಾಡಿದ್ದಿಲ್ಲ ಬಿಡವಾ!" ಗುಡಿಸದೆ ಉಳಿದ ಅರ್ಧದಲ್ಲಿ ಎರಡು ದಿನ ಇರಲು ಒಪ್ಪಿದ.

ಮಳೆ ಬಂದು ಹೋದ ಮೇಲೆ ಅಪ್ಪ ನನ್ನ ಎರಡೂ ಕೈಗೆ ಮಣ್ಣು ಕೊಟ್ಟ. ಗುಡಿಸಿದ ಕಡೆಯದು ಆಗಲೇ ಒಣಗಿ ಹೆಂಟೆಯಾಗಿತ್ತು. ಕುರಿ ಮಲಗಿದ ಕಡೆಯದು ಇನ್ನೂ ತಂಪಾಗಿ, ಉದುರುದುರಾಗಿತ್ತು. ಅದರೊಳಗೆ ಎರೆಹುಳವೊಂದು ಮಿಸುಕುತ್ತಿತ್ತು.

"ಒಂದs ಹೊಲ, ಒಂದs ಮಳಿ. ಹಿಂಗ್ಯಾಕಪ್ಪಾ?"

"ಸುಟ್ಟಿದ್ದು ಹೊಗಿ ಆಗಿ ಮ್ಯಾಲ ಹೋತು. ಕುರಿ ತಿಂದದ್ದು ಹೊಲದಾಗ ಉಳೀತು. ಈಗ ಅದs ನೀರು ಹಿಡಕೊಂಡೈತಿ" ಎಂದ ಅಪ್ಪ. ಬೈಯಲೇ ಇಲ್ಲ. ಆದರೆ ಆ ವರ್ಷ ಅರ್ಧ ಹೊಲದ ಜೋಳ ಗಿಡ್ಡವಾಗಿಯೇ ನಿಂತಿತು, ನಾನು ದಿನಾ ನೋಡಿ ಅಳುತ್ತಿದ್ದೆ.

ಈಗ ನನ್ನ ಪಾಲಿಗೆ ಬಂದ ಅದೇ ಹೊಲದಲ್ಲಿ ಕಬ್ಬು. ಕುರಿ ಹಿಂಡು ಬರುವುದಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ. ಮೊನ್ನೆ ಮಣ್ಣು ಪರೀಕ್ಷೆಯ ಚೀಟಿಯನ್ನು ನೀವೇ ಓದಿ ಹೇಳಿದಿರಿ: "ಸಾವಯವ ಇಂಗಾಲ ಕಡಿಮೆ." ಯಾಕೆ ಕಡಿಮೆ ಎಂದು ಗೂಗಲ್ ಕೇಳಲು ಹೋದಿರಿ. ಅಯ್ಯ, ಅಜ್ಜಿಯನ್ನು ಕೇಳಬಾರದೇ? ಕಬ್ಬು ಕಡಿದ ಮೇಲೆ ನಿಮ್ಮಪ್ಪ ಉಳಿದ ಒಣ ಎಲೆಗೆ, ಆ ರವದಿಗೆ ಬೆಂಕಿ ಇಡುತ್ತಾನಲ್ಲ, ಅಂಗಳಕ್ಕೆ ಹಾರಿ ಬರುವ ಕರಿ ಚೂರು ಹಿಡಿಯಲು ನೀವು ಕುಣಿಯುತ್ತೀರಲ್ಲ, ಅದು ನಮ್ಮ ಹೊಲ, ಮಕ್ಕಳೇ. ನಾನು ಅರಿಯದೆ ಒಂದು ಸಲ ಸುಟ್ಟೆ. ಅವನು ವರ್ಷವರ್ಷವೂ ಸುಡುತ್ತಾನೆ. ಈ ಸಲ ಮನೆಯ ಬೆಂಕಿಪೆಟ್ಟಿಗೆಗಳೆಲ್ಲ ನನ್ನ ಎಲೆಯಡಿಕೆ ಚೀಲದಲ್ಲಿರುತ್ತವೆ. ಬಂದು ಕೇಳಲಿ, ನೋಡೋಣ.