ನಸೀಮಾ ಆಪಾ ಹಿಡಿದ ಮೋಸ

ಎದುರಿಗೆ ಕೂತವರು ಕವಡೆ ಉರುಳಿಸುವಾಗ ನಸೀಮಾ ಆಪಾ ಅವರ ಮೊಣಕೈಯನ್ನೇ ನೋಡುತ್ತಿದ್ದರು. "ಕೈ ಮೋಸ ಮಾಡೋಕ್ ಮುಂಚೆ ಮೊಣಕೈ ಒಸಿ ನಿಂತ್ಬುಡ್ತದೆ" ಎಂಬುದು ಅವರು ಕಂಡುಕೊಂಡ ಸತ್ಯ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಚೌಕಾಬಾರ ಆಡುವ ಹೆಂಗಸರಲ್ಲಿ ಈ ಪರೀಕ್ಷೆಗೆ ಒಳಗಾಗದವರಿರಲಿಲ್ಲ. ಸ್ವಂತ ತಂಗಿಯನ್ನೂ ಬಳೆ ಬಿಚ್ಚಿಸಿಯೇ ಆಟಕ್ಕೆ ಕೂರಿಸುತ್ತಿದ್ದರು. ಬಳೆಯ ಸದ್ದಿನಲ್ಲಿ ಕವಡೆಯ ಸದ್ದು ಮುಚ್ಚಿಹೋಗುತ್ತದಂತೆ.

ಆಪಾ ನಮ್ಮ ಪಕ್ಕದ ಮನೆಯವರು. ಗಂಡ ಕಡೆದು ಬಣ್ಣ ಹಾಕಿದ ಗೊಂಬೆಗಳನ್ನು ಒರೆಸಿ ಡಬ್ಬಕ್ಕೆ ತುಂಬುವುದು ಅವರ ಕೆಲಸ, ಮಧ್ಯಾಹ್ನ ಅದು ಮುಗಿದರೆ ಜಗಲಿಯ ಮೇಲೆ ಚೌಕಾಬಾರ. ಅನುಮಾನ ಹುಟ್ಟುಗುಣ. ಹಾಲಿನವನ ಲೀಟರು, ಟಿವಿಯಲ್ಲಿ ಹೇಳುವ ಮಳೆ, ಯಾವುದನ್ನೂ ನಂಬುತ್ತಿರಲಿಲ್ಲ. ಬಿ.ಪಿ. ಮಾತ್ರೆಯ ಬಣ್ಣ ಬದಲಾಗಿದೆಯೆಂದು ಅದನ್ನು ನುಂಗದೆ, ಡಾಕ್ಟರನ್ನೇ ಹುಡುಕಿಕೊಂಡು ಹೋಗಿ ವಿಚಾರಿಸಿ ಬಂದಿದ್ದರು.

ನನ್ನೊಬ್ಬಳನ್ನು ಮಾತ್ರ ಬಿಟ್ಟಿದ್ದರು. ಚಿಕ್ಕಂದಿನಲ್ಲಿ ನನಗೆ ಆಟ ಕಲಿಸಿದವರೇ ಅವರು. "ಸವಿತಾಗೆ ಮೋಸ ಮಾಡೋಕ್ ಬರಾಕಿಲ್ಲ ಕಣವ್ವ, ಮೊಕ್ದಲ್ಲೇ ಗೊತ್ತಾಗ್ಬುಡ್ತದೆ" ಎಂದು ಎಲ್ಲರೆದುರು ಹೇಳುತ್ತಿದ್ದರು. ಆ ಬೀದಿಯಲ್ಲಿ ಅಂಥ ಮಾನಪತ್ರ ಇನ್ಯಾರಿಗೂ ಸಿಕ್ಕಿರಲಿಲ್ಲ. ನನಗೆ ಅದರ ಜಂಬವೂ ಇತ್ತು.

ಆ ಮಾನಪತ್ರವನ್ನು ಕಳೆದದ್ದು ನನ್ನ ಉದ್ಯೋಗ. ಫೋನಿನಲ್ಲಿ ಆಡುವ ಆಟಗಳ ವಿನ್ಯಾಸ ನನ್ನ ವೃತ್ತಿ. ಕೋಡ್ ಬರೆಯುವ ಮೊದಲು ಆಟ ಹೇಗಿರುತ್ತದೆಂದು ತೋರಿಸಲು ಪ್ರೊಟೊಟೈಪ್ ಮಾಡುತ್ತೇವೆ. ಪರದೆಗಳನ್ನು ಬಿಡಿಸಿಕೊಂಡು, ಇಲ್ಲಿ ಒತ್ತಿದರೆ ಆ ಪರದೆ, ಅಲ್ಲಿ ಒತ್ತಿದರೆ ಈ ಪರದೆ ಎಂದು ಕೊಂಡಿ ಹಾಕಿದರೆ ಆಯಿತು. ನೋಡುವವರಿಗೆ ನಿಜವಾದ ಆಟದಂತೆಯೇ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಚೌಕಾಬಾರವನ್ನು ಹೀಗೆ ಮಾಡಿದ ದಿನ ಮೊದಲು ಆಪಾಗೇ ತೋರಿಸಬೇಕೆಂದು ಓಡಿದೆ.

ಆಪಾ ಮೊದಲು ಫೋನಿನ ಬೆನ್ನು ತಿರುಗಿಸಿ ನೋಡಿದರು. ಆಮೇಲೆ ಕವಡೆಯ ಚಿತ್ರ ಒತ್ತಿದರು. ಎರಡು ಬಿತ್ತು. ನಾಲ್ಕು ಬಿದ್ದವರು ಮತ್ತೆ ಹಾಕಬೇಕು. ನನ್ನ ಸರದಿಗೆ ನಾಲ್ಕು, ಮತ್ತೆ ನಾಲ್ಕು, ಕೊನೆಗೆ ಎರಡು. ಅವರ ಕಾಯಿ ಕಡಿದುಹೋಯಿತು. ಮೊದಲಿನಿಂದ ಶುರುಮಾಡಿಸಿದರು. ಅವೇ ಗರಗಳು ಬಿದ್ದವು. ಮತ್ತೊಮ್ಮೆ ಆಡಿಸಿದರು, ಆಗಲೂ ಅವೇ. ಬೇಕೆಂದೇ ಬೇರೆ ಕಡೆ ಒತ್ತಿದಾಗ, ಒತ್ತಬೇಕಾದ ಜಾಗ ನೀಲಿಯಾಗಿ ಮಿನುಗಿತು. ತಪ್ಪು ಜಾಗ ಮುಟ್ಟಿದವರಿಗೆ ಸರಿಯಾದ ಜಾಗ ತೋರಿಸುವುದು ಆ ತಂತ್ರಾಂಶದ ಪದ್ಧತಿ.

"ನೋಡು, ಕಣ್ ಹೊಡೀತದೆ," ಎಂದರು ಆಪಾ. "ಇದ್ರೊಳ್ಗೆ ಯಾರ್ ಕೂತವ್ರೆ?"

"ಯಾರೂ ಇಲ್ಲ ಆಪಾ. ಇದು ಬರೀ ಮಾದರಿ. ಯಾವ ಗರ ಬೀಳ್ಬೇಕು ಅಂತ ನಾನೇ ಮುಂಚೆನೇ ಇಟ್ಟಿರ್ತೀನಿ."

ಹಾಗೆ ಹೇಳಿದ್ದೇ ತಪ್ಪಾಯಿತು. ಆಪಾ ಫೋನನ್ನು ನನ್ನ ಮಡಿಲಿಗೆ ಹಾಕಿದರು. "ಅಂಗಾದ್ರೆ ನಾನ್ ಸೋಲ್ಬೇಕು ಅಂತ ಇಟ್ಟೋಳೂ ನೀನೇ."

ಸಮಾಧಾನ ಮಾಡಲು ಐದು ಬಗೆಯಲ್ಲಿ ಗರ ಬೀಳುವಂತೆ ಮಾಡಿಕೊಂಡು ಮತ್ತೆ ಹೋದೆ. "ಮುಂಚೆ ಒಂದ್ ಮೋಸ ಇತ್ತು, ಈಗ ಐದಾಯ್ತು," ಎಂದರು. ನಕ್ಕುಬಿಟ್ಟೆ. ಅವರು ನಗಲಿಲ್ಲ.

ಮುಂದಿನ ಭಾನುವಾರ ಜಗಲಿಯ ಮೇಲೆ ನಿಜವಾದ ಕವಡೆ ಹಿಡಿದು ಕೂತೆವು. ನಾನು ಕೈಯೆತ್ತಿದಾಗ ಆಪಾರ ಕಣ್ಣು ನನ್ನ ಮೊಣಕೈ ಮೇಲಿತ್ತು. ಹಾಗೆ ಯಾರಾದರೂ ದಿಟ್ಟಿಸಿದರೆ ಸಾಚಾ ಕೈಯೂ ತಡವರಿಸುತ್ತದೆ. ನನ್ನದೂ ತಡವರಿಸಿತು. "ನಿಂತ್ಕಂತು ನೋಡು," ಎಂದರು ಮೆಲ್ಲಗೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಮ್ಮ ಕಂಪನಿಯವರು ಆಟವೇ ಬೇಡವೆಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಂದೆ ಆಟ ಪೂರ್ತಿ ತಯಾರಾಗಿ ಜನರ ಫೋನಿಗೆ ಬಂತು. ಅದರಲ್ಲಿ ಗರ ತಾನಾಗಿಯೇ ಬೀಳುತ್ತಿತ್ತು, ಎಷ್ಟೋ ಸಲ ನಾನೇ ಸೋತೆ. ಅದನ್ನು ಹೇಳಿದರೆ ಆಪಾ, "ಸೋತಂಗೆ ಮಾಡಾದೂ ಒಂದ್ ಆಟವೇಯ," ಎಂದು ಗೊಂಬೆ ಒರೆಸುವುದನ್ನು ಮುಂದುವರಿಸಿದರು. ನನ್ನೊಡನೆ ಚೌಕಾಬಾರಕ್ಕೆ ಕೂರುವುದನ್ನೇ ಬಿಟ್ಟರು. ಚಹಾ ಕೊಡುತ್ತಿದ್ದರು, ಹಬ್ಬಕ್ಕೆ ಶಾವಿಗೆ ಪಾಯಸ ಕಳಿಸುತ್ತಿದ್ದರು, ಕವಡೆ ಮಾತ್ರ ತೆಗೆಯುತ್ತಿರಲಿಲ್ಲ.

ಆರೋಗ್ಯ ಕೆಟ್ಟಾಗ ಮಗಳು ಅವರನ್ನು ಕನಕಪುರಕ್ಕೆ ಕರೆದುಕೊಂಡು ಹೋದಳು. ನೋಡಲು ಹೋದೆ. ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ತೀರಾ ಇಳಿದುಹೋಗಿದ್ದರು. ನನ್ನ ದನಿ ಕೇಳಿ ಮಗಳಿಗೆ ಕವಡೆ ತಂದು ನೆಲದ ಮೇಲೆ ಚೌಕಾಬಾರದ ಮನೆ ಬರೆಯಲು ಹೇಳಿದರು. "ನನ್ ಕೈ ನಡುಗ್ತದೆ ಕಣವ್ವ. ನನ್ ಗರಾನೂ ನೀನೇ ಹಾಕು."

ಅವರಿಗಾಗಿ ಹಾಕಿದೆ, ಒಂದು ಬಿತ್ತು. ನನಗಾಗಿ ಹಾಕಿದೆ, ಎಂಟು ಬಿತ್ತು. ಎಂಟು ಬಿದ್ದರೆ ಇನ್ನೊಂದು ಸಲ ಹಾಕಬೇಕು. ಹಾಕಿದರೆ ಒಂದು. ಅವರ ಕಾಯಿಯೇ ಕಡಿಯುವ ಗರ.

"ಆಪಾ, ಎಂಟು ಬಿದ್ದು ಒಂದು ಬಿದ್ದಿದೆ. ಸ್ವಲ್ಪ ಈ ಕಡೆ ತಿರುಗಿ ನೋಡಿ."

"ನೀನ್ ಯೋಳ್ದ್ಯಲ್ಲ. ಕಡಿ."

ಕಡಿದೆ. ಅದೇ ವಾರ ಅವರು ತೀರಿಕೊಂಡ ಸುದ್ದಿ ಬಂತು. ಅಂದು ನನ್ನನ್ನು ನಂಬಿ ಈ ಕಡೆ ತಿರುಗಲಿಲ್ಲವೋ, ತಿರುಗಲು ಆಗದೆ ತಿರುಗಲಿಲ್ಲವೋ, ಕೇಳೋಣವೆಂದರೆ ಈಗ ಆಪಾ ಇಲ್ಲ.